ಮೊಬೈಲಿನಲ್ಲಿ ಅಳೆದ ಸದ್ದು, ಅಂದಾಜಿನಲ್ಲಿ ಬರೆದ ವರದಿ

ಮಾನ್ಯ ಸಂಪಾದಕರೇ,

ಶನಿವಾರ ನಮ್ಮ ಬಡಾವಣೆಯ ಸಭಾಂಗಣದಲ್ಲಿ ನಾಲ್ಕು ಹುಡುಗರು ನುಡಿಸುತ್ತಿದ್ದ, ಅಮೆರಿಕದ ಹೆವಿ ಮೆಟಲ್ ತಂಡ ಮೆಗಾಡೆತ್ತಿನ ಹಾಡುಗಳ ಕಾರ್ಯಕ್ರಮವನ್ನು, ಸದ್ದು ಹೆಚ್ಚಾಯಿತೆಂದು ಅಧಿಕಾರಿಗಳು ರಾತ್ರಿ ಎಂಟೂವರೆಗೇ ನಿಲ್ಲಿಸಿದರು. ಆ ಸಿಟ್ಟು ಆರುವ ಮೊದಲೇ ಸೋಮವಾರ ನಿಮ್ಮ ವರದಿ ಬಂತು. ಕಾರ್ಯಕ್ರಮ ನಿಂತದ್ದಕ್ಕಿಂತ ಆ ವರದಿಯೇ ಹೆಚ್ಚು ನೋವು ಕೊಟ್ಟಿತು. ಒಂದೂವರೆ ಕಾಲಂನಲ್ಲಿ ನಾಲ್ಕು ತಪ್ಪುಗಳಿವೆ, ನಾಲ್ಕೂ ಹತ್ತು ನಿಮಿಷ ಹುಡುಕಿದ್ದರೆ ಸರಿಹೋಗುತ್ತಿದ್ದವು.

ಮೆಗಾಡೆತ್ತಿನ ಗಾಯಕ, ಗಿಟಾರ್ ವಾದಕ ಡೇವ್ ಮಸ್ಟೇನ್ ಮತ್ತೊಂದು ಮೆಟಲ್ ತಂಡವಾದ 'ಮೆಟಾಲಿಕಾ ಬಿಟ್ಟು ಬಂದು' ಈ ತಂಡ ಕಟ್ಟಿದರು ಎಂದು ಬರೆದಿದ್ದೀರಿ. ಅವರು ಬಿಟ್ಟು ಬಂದವರಲ್ಲ, ಹೊರಹಾಕಲ್ಪಟ್ಟವರು. 1983ರ ಏಪ್ರಿಲ್ 11ರ ಬೆಳಗ್ಗೆ ನ್ಯೂಯಾರ್ಕಿನಲ್ಲಿ ಎಬ್ಬಿಸಿ, ಕ್ಯಾಲಿಫೋರ್ನಿಯಾಕ್ಕೆ ಬಸ್ ಹತ್ತಿಸಿದರು. ಕುಡಿತ ಮತ್ತು ಜಗಳ ಕಾರಣ. ಮೆಟಾಲಿಕಾದ ಮೊದಲ ಆಲ್ಬಂ ಆಗ ಇನ್ನೂ ರೆಕಾರ್ಡ್ ಆಗಿರಲಿಲ್ಲ, ಆದರೂ ಅದರ ನಾಲ್ಕು ಹಾಡುಗಳ ರಚನೆಯಲ್ಲಿ ಮಸ್ಟೇನ್ ಹೆಸರಿದೆ. ಈ ಗಾಯ ಗೊತ್ತಿಲ್ಲದೆ ಮೆಗಾಡೆತ್ತಿನ ಮೊದಲ ಹತ್ತು ವರ್ಷ ಅರ್ಥವಾಗುವುದಿಲ್ಲ. ಅವರಿಗಿಂತ ವೇಗವಾಗಿ, ಅವರಿಗಿಂತ ಜಟಿಲವಾಗಿ ನುಡಿಸುತ್ತೇನೆ ಎಂಬ ಹಟದಿಂದಲೇ ಈ ತಂಡ ಹುಟ್ಟಿದ್ದು.

ಎರಡನೆಯದು, 'ಸದಸ್ಯರು ಎಷ್ಟು ಬದಲಾದರೂ ಅದೇ ಕಿರುಚಾಟ' ಎಂಬ ಸಾಲು. ಇದನ್ನು ಬರೆದವರು ಎರಡು ಆಲ್ಬಮ್ಮುಗಳನ್ನಾದರೂ ಒಂದರ ಪಕ್ಕ ಒಂದಿಟ್ಟು ಕೇಳಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ. ಈ ತಂಡದಲ್ಲಿ ಯಾರು ಬಂದರು, ಯಾರು ಹೋದರು ಎಂಬುದೇ ಸದ್ದಿನ ಚರಿತ್ರೆ.

ಮೊದಲ ಎರಡು ಆಲ್ಬಂ, ಅಂದರೆ 1985 ಮತ್ತು 1986ರವು, ನಿಂತಿರುವುದು ಡ್ರಮ್ಮರ್ ಗಾರ್ ಸ್ಯಾಮ್ಯುಯೆಲ್‌ಸನ್ ಮತ್ತು ಗಿಟಾರಿನ ಕ್ರಿಸ್ ಪೋಲಂಡ್ ಮೇಲೆ. ಇಬ್ಬರೂ ಜಾಝ್ ಫ್ಯೂಷನ್ನಿನಿಂದ, ಅಂದರೆ ಜಾಝ್ ಮತ್ತು ರಾಕ್ ಬೆರೆತ ಸಂಗೀತದಿಂದ ಬಂದವರು. ಸ್ಯಾಮ್ಯುಯೆಲ್‌ಸನ್ ಪೆಟ್ಟು ಗಡಿಯಾರದ ಹಾಗೆ ನೆಟ್ಟಗೆ ಬೀಳುವುದಿಲ್ಲ, ತುಸು ತೂಗುತ್ತದೆ. ಡೇವಿಡ್ ಎಲೆಫ್ಸನ್ ಅವರ ಬೇಸ್ ಗಿಟಾರ್ ಆ ತೂಗಾಟವನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ಆಲ್ಬಮ್ಮಿನ ಸದ್ದು ತೆಳ್ಳಗಿರುವುದಕ್ಕೂ ಕಾರಣವಿದೆ. ಕಂಪನಿ ಮೊದಲು ಕೊಟ್ಟದ್ದು 8,000 ಡಾಲರ್. ಅದರಲ್ಲಿ ಬಹುಪಾಲು ಮಾದಕ ವಸ್ತುವಿಗೂ ಊಟಕ್ಕೂ ಹೋಯಿತು. ನಿರ್ಮಾಪಕನನ್ನು ಕಳಿಸಿ, ಉಳಿದದ್ದರಲ್ಲಿ ತಾವೇ ಮುಗಿಸಿದರು. 2002ರಲ್ಲೂ 2018ರಲ್ಲೂ ಅದನ್ನು ಮತ್ತೆ ಮಿಕ್ಸ್ ಮಾಡಿಸಬೇಕಾಯಿತು. ಹೊಸದಾಗಿ ಕೇಳುವವರು 2018ರದ್ದನ್ನೇ ಹಿಡಿಯಲಿ, ಬೇಸ್ ಅದರಲ್ಲಿ ಸರಿಯಾಗಿ ಕೇಳಿಸುತ್ತದೆ.

1987ರಲ್ಲಿ ಸ್ಯಾಮ್ಯುಯೆಲ್‌ಸನ್, ಪೋಲಂಡ್ ಇಬ್ಬರನ್ನೂ ತೆಗೆದರು. ಗಿಟಾರಿಗೆ ಜೆಫ್ ಯಂಗ್, ಡ್ರಮ್ಮಿಗೆ ಚಕ್ ಬೀಲರ್ ಬಂದರು, 1988ರ ಒಂದು ಆಲ್ಬಂ ಮುಗಿಸಿ ಹೋದರು. ಆಮೇಲೆ ಬಂದವರು, ಬೀಲರ್ ಅವರ ಡ್ರಮ್ ಕಟ್ಟಿಕೊಡುತ್ತಿದ್ದ ನಿಕ್ ಮೆಂಜಾ ಮತ್ತು ಗಿಟಾರಿನ ಮಾರ್ಟಿ ಫ್ರೀಡ್‌ಮನ್. 1990ರ ಆಲ್ಬಮ್ಮನ್ನು ಥ್ರಾಶ್ ಎಂಬ ಈ ವೇಗದ ಮೆಟಲ್ ಶೈಲಿ ಕಲಿಯುವವರು ಇಂದಿಗೂ ಪಾಠದಂತೆ ಅಭ್ಯಾಸ ಮಾಡುತ್ತಾರೆ. ಮಸ್ಟೇನ್ ಅವರ ಬಲಗೈ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ಹೊಡೆಯುತ್ತದೆ. ಎಡಗೈ ಬೆರಳುಗಳು ಜೇಡದ ಕಾಲಿನಂತೆ ಪಕ್ಕದ ಎರಡು ತಂತಿಗಳಲ್ಲಿ ಅದಲುಬದಲಾಗಿ ಕೂರುತ್ತವೆ. ಕೈ ಎತ್ತಿ ಜಾಗ ಬದಲಿಸುವ ಗೋಜಿಲ್ಲದ್ದರಿಂದ ಆ ವೇಗ ಸಾಧ್ಯವಾಗುತ್ತದೆ, ತಂತಿ ಜಾರುವ ಕಿರಿಕಿರಿ ಸದ್ದೂ ಇರುವುದಿಲ್ಲ. ಅದರ ಮೇಲೆ ಫ್ರೀಡ್‌ಮನ್ ಮಣಿಕಟ್ಟನ್ನು ಒಳಕ್ಕೆ ಮಡಚಿ, ಪೂರ್ವ ದೇಶಗಳ ಛಾಯೆಯ ಸ್ವರಗಳನ್ನು ಎಳೆದು ತರುತ್ತಾರೆ. ಮೆಂಜಾ ಅವರ ಪೆಟ್ಟು ಸ್ಯಾಮ್ಯುಯೆಲ್‌ಸನ್ ಅವರದ್ದಕ್ಕೆ ತೀರಾ ವಿರುದ್ಧ, ನೆಟ್ಟಗೆ, ಭಾರವಾಗಿ. ಇದು ಅದೇ ಕಿರುಚಾಟವೇ?

ಶನಿವಾರ ನುಡಿಸಿದ ಹುಡುಗರು ಈ ಆಲ್ಬಮ್ಮಿನ ಹಾಡುಗಳನ್ನೇ ಆರಿಸಿಕೊಂಡಿದ್ದರು. ತಿಂಗಳುಗಟ್ಟಲೆ ತಾಳದ ಪೆಟ್ಟು ಕೊಡುವ ಮೆಟ್ರೊನೋಮ್ ಇಟ್ಟುಕೊಂಡು, ಮೊದಲು ಅರ್ಧ ವೇಗದಲ್ಲಿ, ನಾಲ್ಕು ನಾಲ್ಕು ಪೆಟ್ಟು ಏರಿಸುತ್ತಾ ಕಲಿಯದೆ ಇದು ಕೈಗೆ ಬರುವುದಿಲ್ಲ. ಅದರಲ್ಲಿ ಒಂದು ಹಾಡಿನ ನಟ್ಟನಡುವೆ ವಿದ್ಯುತ್ ತೆಗೆಸಿದರು.

ಮೂರನೆಯ ತಪ್ಪು ನಮ್ಮ ಊರಿನದೇ ಆದ್ದರಿಂದ ಇನ್ನೂ ಅಕ್ಷಮ್ಯ. 2008ರ ಮಾರ್ಚ್ 14ರಂದು ಅರಮನೆ ಮೈದಾನದಲ್ಲಿ ಮೆಗಾಡೆತ್ ನುಡಿಸಿದಾಗ ಫ್ರೀಡ್‌ಮನ್ ಇದ್ದರು ಎಂದು ಬರೆದಿದ್ದೀರಿ. ಫ್ರೀಡ್‌ಮನ್ 2000ದಲ್ಲೇ ತಂಡ ಬಿಟ್ಟು, ಆಮೇಲೆ ಜಪಾನಿನಲ್ಲಿ ನೆಲೆಸಿದವರು. ಅಂದು ಬೆಂಗಳೂರಿನಲ್ಲಿ ಗಿಟಾರ್ ಹಿಡಿದಿದ್ದವರು ಆ ವರ್ಷದ ಆರಂಭದಲ್ಲಷ್ಟೇ ಸೇರಿದ್ದ ಕ್ರಿಸ್ ಬ್ರೋಡರಿಕ್. ಬೇಸ್ ಜೇಮ್ಸ್ ಲೊಮೆಂಜೊ, ಡ್ರಮ್ ಶಾನ್ ಡ್ರೋವರ್. ಎಲೆಫ್ಸನ್ ಕೂಡ ಅಂದು ಇರಲಿಲ್ಲ. ಸಾವಿರಾರು ಜನ ನೋಡಿದ ಕಾರ್ಯಕ್ರಮವಿದು, ನಿಮ್ಮದೇ ಹಳೆಯ ಸಂಚಿಕೆ ತೆಗೆದು ನೋಡಬಹುದಿತ್ತು.

ನಡುವಿನ ವರ್ಷಗಳನ್ನು ನೀವು 'ಕೆಲಕಾಲ ವಿರಾಮ' ಎಂದು ಮುಗಿಸಿದ್ದೀರಿ. 1998ರಲ್ಲಿ ಮಂಡಿಯ ಗೆಡ್ಡೆ ತೆಗೆಸಲು ಹೋದ ಮೆಂಜಾ ಮರಳಿ ಸೇರಲಿಲ್ಲ, ಜಿಮ್ಮಿ ಡಿಗ್ರಾಸೊ ಬಂದರು. 1999ರಲ್ಲಿ ರೇಡಿಯೊಗೆ ಹೊಂದುವಂತೆ ಮೆತ್ತಗೆ ಮಾಡಿದ ಆಲ್ಬಂ ಬಂದು ಅಭಿಮಾನಿಗಳು ಮುನಿದರು. ಫ್ರೀಡ್‌ಮನ್ ಹೋಗಿ ಆಲ್ ಪಿಟ್ರೆಲಿ ಬಂದರು. 2002ರಲ್ಲಿ ಮಸ್ಟೇನ್ ಕುರ್ಚಿಯ ಮೇಲೆ ಎಡತೋಳು ಒತ್ತಿಕೊಂಡು ನಿದ್ದೆಹೋಗಿ ತೋಳಿನ ನರ ಜಖಂಗೊಂಡಿತು, ಕೈ ಮುಷ್ಟಿ ಹಿಡಿಯಲೂ ಬಾರದಾಯಿತು. ತಂಡವನ್ನೇ ವಿಸರ್ಜಿಸಿದರು. ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಗಿಟಾರ್ ಕಲಿತರು. 2004ರ ಆಲ್ಬಮ್ಮಿಗೆ ಹದಿನೇಳು ವರ್ಷದ ಹಿಂದೆ ತಾವೇ ತೆಗೆದಿದ್ದ ಪೋಲಂಡ್ ಅವರನ್ನು ಕರೆಸಿದರು. ಇದು ವಿರಾಮವಲ್ಲ.

ಎಲೆಫ್ಸನ್ 2004ರಲ್ಲಿ ಮೊಕದ್ದಮೆ ಹೂಡಿ ಸೋತರು, 2010ರಲ್ಲಿ ಮರಳಿದರು, 2021ರಲ್ಲಿ ಮತ್ತೆ ಹೊರಬಿದ್ದರು. ಅಷ್ಟರಲ್ಲಿ ಹೊಸ ಆಲ್ಬಮ್ಮಿಗೆ ಅವರ ಬೇಸ್ ರೆಕಾರ್ಡ್ ಆಗಿತ್ತು. ಅದನ್ನು ಅಳಿಸಿ ಟೆಸ್ಟಮೆಂಟ್ ತಂಡದ ಸ್ಟೀವ್ ಡಿ ಜಾರ್ಜಿಯೊ ಅವರಿಂದ ನುಡಿಸಿದರು. ವೇದಿಕೆಗೆ ಲೊಮೆಂಜೊ ಮತ್ತೆ ಬಂದರು. ಬ್ರೋಡರಿಕ್ ಮತ್ತು ಡ್ರೋವರ್ 2014ರಲ್ಲಿ ಒಟ್ಟಿಗೆ ಹೋಗಿದ್ದರು. 2015ರಲ್ಲಿ ಗಿಟಾರಿಗೆ ಬ್ರೆಜಿಲ್ಲಿನ ಕಿಕೊ ಲೊರೇರೊ, 2016ರಲ್ಲಿ ಡ್ರಮ್ಮಿಗೆ ಬೆಲ್ಜಿಯಂನ ಡರ್ಕ್ ವರ್ಬ್ಯೂರೆನ್ ಸೇರಿ, 2017ರಲ್ಲಿ ಮೊದಲ ಗ್ರ್ಯಾಮಿ ಬಂತು. 2023ರಿಂದ ಗಿಟಾರಿಗೆ ಫಿನ್ಲೆಂಡಿನ ಟೀಮು ಮಾಂಟಿಸಾರಿ ಇದ್ದಾರೆ. 2025ರ ಆಗಸ್ಟಿನಲ್ಲಿ ಮಸ್ಟೇನ್ ಕೊನೆಯ ಆಲ್ಬಂ ಮತ್ತು ವಿದಾಯದ ಪ್ರವಾಸ ಘೋಷಿಸಿದರು.

ಈಗ ನಿಮ್ಮ ನಾಲ್ಕನೆಯ ತಪ್ಪಿಗೆ ಬರುತ್ತೇನೆ. 'ಇಂದಿನ ಮೆಗಾಡೆತ್' ಎಂದು ಹಾಕಿದ ಚಿತ್ರದಲ್ಲಿ ಮೆಂಜಾ ನಿಂತಿದ್ದಾರೆ. ಮೆಂಜಾ 2016ರ ಮೇ 21ರಂದು ಲಾಸ್ ಏಂಜಲೀಸಿನ ಕ್ಲಬ್ಬೊಂದರಲ್ಲಿ ಡ್ರಮ್ ನುಡಿಸುತ್ತಲೇ ಕುಸಿದು ತೀರಿಕೊಂಡರು. ಪಕ್ಕದಲ್ಲಿ ಗಿಟಾರ್ ನುಡಿಸುತ್ತಿದ್ದವರು ಇದೇ ಪೋಲಂಡ್. ಸ್ಯಾಮ್ಯುಯೆಲ್‌ಸನ್ 1999ರಲ್ಲೇ ಹೋದರು. ಸತ್ತವರನ್ನು ಇಂದಿನ ಸದಸ್ಯರೆಂದು ಅಚ್ಚು ಹಾಕುವ ಮೊದಲು ಒಬ್ಬರೂ ನೋಡಲಿಲ್ಲವೆಂದರೆ ಏನು ಹೇಳುವುದು?

ಇನ್ನು ಶನಿವಾರದ ವಿಷಯ. 'ನಿಗದಿತ ಮಿತಿ ಮೀರಿದ ಸದ್ದು' ಎಂದು ಇಲಾಖೆಯವರ ಮಾತನ್ನು ಹಾಗೇ ಅಚ್ಚು ಮಾಡಿದ್ದೀರಿ. ಸದ್ದು ಅಳೆದದ್ದು ಹೇಗೆ ಎಂದು ಕೇಳಿದಿರಾ? ಬಂದ ಅಧಿಕಾರಿ ತಮ್ಮ ಮೊಬೈಲಿನ ಆ್ಯಪ್ ತೆರೆದು ಸ್ಪೀಕರಿನಿಂದ ಮೂರು ಮೀಟರ್ ದೂರದಲ್ಲಿ ಹಿಡಿದರು. 98 ಡೆಸಿಬೆಲ್ ತೋರಿಸಿತು. ಸಾಕು ಎಂದರು.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಹಗಲು ಎಂದರೆ ಬೆಳಗ್ಗೆ 6ರಿಂದ ರಾತ್ರಿ 10. ಎಂಟೂವರೆ ಹಗಲಿನ ಲೆಕ್ಕಕ್ಕೇ ಬರುತ್ತದೆ. ಅಳೆಯಬೇಕಾದ್ದು ಜಾಗದ ಗಡಿಯಲ್ಲಿ, ವೇದಿಕೆಯ ಎದುರಲ್ಲ. ಆ ವಲಯದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಗಡಿಯಲ್ಲಿ ಮೀರಬಾರದು. ನಮ್ಮ ಸಭಾಂಗಣ ಮುಖ್ಯರಸ್ತೆಯ ವಾಣಿಜ್ಯ ವಲಯದಲ್ಲಿದೆ, ಹಗಲಿನ ಮಿತಿ 65, ಆದ್ದರಿಂದ ಗಡಿಯಲ್ಲಿ 75. ಬಯಲಿನಲ್ಲಾದರೂ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೂರು ಮೀಟರಿನಲ್ಲಿ 98 ಇದ್ದದ್ದು 48 ಮೀಟರಿಗೆ 74 ಆಗುತ್ತದೆ. ಇಲ್ಲಿ ನಡುವೆ ಒಂಬತ್ತಿಂಚಿನ ಗೋಡೆಯೂ ಇತ್ತು. ಸದ್ದು ಸೋರಿದರೆ ಬಾಗಿಲಿನ ಸಂದಿಯಿಂದ ಸೋರುತ್ತದೆ, ಬಾಗಿಲು ಮುಚ್ಚಿಸಿ ಗೇಟಿನ ಬಳಿ ನಿಂತು ಅಳೆದಿದ್ದರೆ ನ್ಯಾಯವಾಗುತ್ತಿತ್ತು. ಮೊಬೈಲಿನ ಮೈಕ್ ಬಾಯಿಯ ಹತ್ತಿರದ ಮಾತಿಗೆ ಮಾಡಿದ್ದು. ಜೋರು ಸದ್ದಿಗೆ ಅದು ಒಡೆಯುತ್ತದೆ, ಬೇಸಿನ ಕಂಪನವನ್ನು ಸರಿಯಾಗಿ ಹಿಡಿಯುವುದಿಲ್ಲ. ಇಲಾಖೆಯ ಕೈಯಲ್ಲಿ ಇರಬೇಕಾದ್ದು, ಅಳೆಯುವ ಮೊದಲು 94 ಡೆಸಿಬೆಲ್ಲಿನ ಪರೀಕ್ಷಾ ಸದ್ದಿಗೆ ಹೊಂದಿಸಿದ ಮೀಟರು.

ಟಿಕೆಟ್ ಹಣ ವಾಪಸ್ ಬಂದಿಲ್ಲ. ಹುಡುಗರು ಸಭಾಂಗಣಕ್ಕೆ ಕಟ್ಟಿದ ಠೇವಣಿಯೂ ಬಂದಿಲ್ಲ. ಡ್ರಮ್ ಸೆಟ್ಟು, ಆಂಪ್ಲಿಫೈಯರು ಹೊತ್ತು ಅವರು ಬೀದಿಯಲ್ಲಿ ನಿಂತಿದ್ದರು. ಬೀದಿದೀಪ ಉರಿಯುವುದಿಲ್ಲ, ಪೈಪಿಗೆಂದು ಅಗೆದ ರಸ್ತೆ ಮುಚ್ಚಿಲ್ಲ, ಆದ್ದರಿಂದ ಗಾಡಿ ಒಳಗೆ ಬರಲಿಲ್ಲ. ಅದೇ ಗುಂಡಿಗೆ ಎಷ್ಟು ಅರ್ಜಿ ಕೊಟ್ಟಿದ್ದೇವೆ! ಅರ್ಜಿಗೆ ಬರದ ಅಧಿಕಾರಿಗಳು ಹಾಡು ನಿಲ್ಲಿಸಲು ಇಪ್ಪತ್ತೇ ನಿಮಿಷದಲ್ಲಿ ಬಂದರು. ಚುನಾವಣೆ ಬಂದಾಗ ಮೈಕು ಕಟ್ಟಿದ ಜೀಪುಗಳು ಆಸ್ಪತ್ರೆ ಮುಂದೆಯೇ ಹಾದುಹೋಗುತ್ತವೆ. ಆಗ ಯಾರ ಮೊಬೈಲಿನಲ್ಲೂ ಆ್ಯಪ್ ತೆರೆಯುವುದಿಲ್ಲ. ಒಂದು ಕಾಲದಲ್ಲಿ ಐರನ್ ಮೇಡನ್, ಮೆಗಾಡೆತ್, ಮೆಟಾಲಿಕಾ ಬಂದು ನುಡಿಸಿದ ಊರು ಇದು. ಇಲ್ಲಿ ಇಂದು ನಾಲ್ಕು ಹುಡುಗರಿಗೆ ಎರಡು ತಾಸು ನುಡಿಸಲು ಬಿಡದವರಿಗೆ ನಾಚಿಕೆಯಾಗಬೇಕು.

ವರದಿಯ ತಪ್ಪುಗಳನ್ನು ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ತಿದ್ದಿ ಪ್ರಕಟಿಸಿ. ಇಲಾಖೆಯವರು ಸರಿಯಾದ ಮೀಟರು ತರಿಸಿಕೊಳ್ಳಲಿ, ಹುಡುಗರ ಠೇವಣಿ ಕೊಡಿಸಲಿ, ಆ ಗುಂಡಿಯನ್ನೂ ಮುಚ್ಚಲಿ. ಇದಾವುದೂ ಆಗದಿದ್ದರೆ, ಗೊತ್ತಿಲ್ಲದ ಸಂಗೀತದ ತಂಟೆಗೆ ನೀವೂ ಬರಬೇಡಿ, ಅವರೂ ಬರುವುದು ಬೇಡ.

— ಒಬ್ಬ ಓದುಗ, ಬೆಂಗಳೂರು