ಕೇಳಿ ತಿನ್ನು, ಪುಟ್ಟ

ಚಿ॥ ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಬ್ರಿಟನ್ನಿನ ವೇಲ್ಸ್ ನಾಡಿನ ಸ್ವಾನ್ಸಿಗೆ ಹೋಗಿ ನಾಲ್ಕು ತಿಂಗಳಾದರೂ ಅವಲಕ್ಕಿ, ಪುಳಿಯೋಗರೆ ಗೊಜ್ಜು ಮತ್ತು ಬ್ರೆಡ್ಡಿನಲ್ಲಿಯೇ ದಿನ ದೂಡುತ್ತಿರುವೆಯೆಂದು ನಿನ್ನ ತಾಯಿ ಫೋನಿನಲ್ಲಿ ಹೇಳಿದಾಗ, ಆಕೆ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಾಳೋ ಸಂಕಟದಿಂದಲೋ ನನಗೆ ತಿಳಿಯಲಿಲ್ಲ. ನನಗಂತೂ ಸಂಕಟವೇ ಆಯಿತು, ಏಕೆಂದರೆ ಅದೇ ವೇಲ್ಸಿನ ಕಣಿವೆಯೊಂದರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹೀಗೆಯೇ ಬದುಕಿದ್ದೆ.

ಆಗ ನಾನಿದ್ದ ಬಾಡಿಗೆ ಕೋಣೆಯ ಮನೆಯೊಡತಿ ಒಂದು ಸಂಜೆ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಬಿಸಿಬಿಸಿ ವೆಲ್ಷ್ ಕೇಕ್ ತಂದುಕೊಟ್ಟರು. ಹೆಸರಿಗಷ್ಟೇ ಕೇಕು, ಓವನ್ನಿನ ಸಂಗವಿಲ್ಲದೆ, ನಮ್ಮ ರೊಟ್ಟಿಯ ಹಾಗೆ ದಪ್ಪ ಕಬ್ಬಿಣದ ಹೆಂಚಿನ ಮೇಲೆ ಎರಡೂ ಮಗ್ಗುಲು ಕಂದುಬಣ್ಣ ಬರುವಂತೆ ಬೇಯಿಸಿ, ಮೇಲೆ ಸಕ್ಕರೆ ಉದುರಿಸಿದ ಪುಟ್ಟ ಬಿಲ್ಲೆಗಳು, ಒಳಗೆ ಅಲ್ಲಲ್ಲಿ ಕಪ್ಪು ಒಣದ್ರಾಕ್ಷಿ. ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆಂದು ಯಾರೋ ಹೇಳಿದ್ದನ್ನು ನೆನೆದು, ಹಸಿವಿಲ್ಲವೆಂದು ಸುಳ್ಳು ಹೇಳಿ ನಾನು ಬಾಗಿಲು ಹಾಕಿಕೊಂಡೆ. ತಿಂಗಳೊಪ್ಪತ್ತಿನ ನಂತರ ಆಕೆಯ ಮಗಳ ಬಾಯಿಂದ ತಿಳಿದದ್ದೇನೆಂದರೆ, ನಾನು ಮಾಂಸ ಮುಟ್ಟುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದನ್ನು ಆ ತಾಯಿ ನೆನಪಿಟ್ಟುಕೊಂಡು, ಕೊಬ್ಬನ್ನು ಬಿಟ್ಟು ಬರೀ ಬೆಣ್ಣೆಯಲ್ಲಿ ಕಲಸಿ, ಹೆಂಚನ್ನೂ ಬೇರೆಯಾಗಿ ತೊಳೆದು ಮಾಡಿದ್ದರಂತೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ತಟ್ಟೆಯನ್ನು ಅವರು ಮತ್ತೆ ಒಳಗೆ ಕೊಂಡೊಯ್ದ ರೀತಿ ಇಂದಿಗೂ ನನ್ನ ಕಣ್ಣಮುಂದಿದೆ.

ಆದ್ದರಿಂದ ನಿನಗೆ ಹೇಳುವುದಿಷ್ಟೇ: ನಿನ್ನ ನಿಯಮವನ್ನು ಬಿಡಬೇಡ, ಆದರೆ ಅದರ ನೆಪದಲ್ಲಿ ಆ ನಾಡಿನ ಊಟದಿಂದ ಮುಖ ತಿರುಗಿಸಿಕೊಳ್ಳಬೇಡ. ಕೇಳಿ ತಿನ್ನು. ಅವರಲ್ಲಿ ಇದನ್ನು ಯಾರೂ ಅವಮರ್ಯಾದೆಯೆಂದು ಭಾವಿಸುವುದಿಲ್ಲ.

ಏನನ್ನು ಕೇಳಬೇಕೆಂಬುದು ಮಾತ್ರ ನಿನಗೆ ಗೊತ್ತಿರಬೇಕು. ಗ್ಲಾಮೊರ್ಗನ್ ಸಾಸೇಜ್ ಎಂಬ ಹೆಸರು ಕೇಳಿ ಹಿಂಜರಿಯಬೇಡ. ಕೇರ್ಫಿಲಿ ಚೀಸ್, ಈರುಳ್ಳಿ ಜಾತಿಯ ಲೀಕ್ ಮತ್ತು ಬ್ರೆಡ್ಡಿನ ಪುಡಿಯನ್ನು ಕಲಸಿ ಕರಿದ ಅದರಲ್ಲಿ ಮಾಂಸದ ಸುಳಿವೂ ಇಲ್ಲ. ಆದರೆ ಚೀಸನ್ನು ಹೆಪ್ಪುಗಟ್ಟಿಸಲು ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದರಿಂದ, ಪೊಟ್ಟಣದ ಮೇಲೆ ಸಸ್ಯಾಹಾರಿಗಳಿಗೆ ಸಲ್ಲುತ್ತದೆಂದು ಬರೆದಿದೆಯೇ ನೋಡಿಕೊ. ಹಾಗೆಯೇ ವೆಲ್ಷ್ ರೇರ್‌ಬಿಟ್ ಎಂದರೆ, ಹೆಸರು ಇಂಗ್ಲಿಷಿನ ರ‍್ಯಾಬಿಟ್ಟಿನಂತೆ ಕೇಳಿಸಿದರೂ, ಮೊಲವಲ್ಲ, ಸುಟ್ಟ ಬ್ರೆಡ್ಡಿನ ಮೇಲೆ ಸಾಸಿವೆ ಬೆರೆಸಿ ಕರಗಿಸಿದ ಚೀಸ್; ಅಪಾಯವಿರುವುದು ಅದಕ್ಕೆ ಹಾಕುವ ವೂಸ್ಟರ್ ಸಾಸಿನಲ್ಲಿ, ಏಕೆಂದರೆ ಸಾಮಾನ್ಯವಾಗಿ ಅದರಲ್ಲಿ ಆಂಚೊವಿ ಮೀನಿರುತ್ತದೆ. ಆ ಚೀಸಿಗೆ ಬಿಯರ್ ಕೂಡ ಬೀಳುತ್ತದೆಂಬುದು ಬಲ್ಲವರಿಗಷ್ಟೇ ಗೊತ್ತು!

ಲೀಕ್ ಅವರಿಗೆ ಬರೀ ತರಕಾರಿಯಲ್ಲ. ಮಾರ್ಚ್ 1ರ ಸೇಂಟ್ ಡೇವಿಡ್ ಹಬ್ಬದ ದಿನ ಅದನ್ನು ಎದೆಗೆ ಸಿಕ್ಕಿಸಿಕೊಂಡು ತಿರುಗುವವರನ್ನೇ ನೋಡುವೆ. ಅಡುಗೆಗೆ ತಂದಾಗ ಉದ್ದಕ್ಕೆ ಸೀಳಿ, ಪದರ ಬಿಡಿಸಿ ತೊಳೆ; ಹೊರಗೆ ಬೆಳ್ಳಗೆ ಕಂಡರೂ ಒಳಪದರಗಳಲ್ಲಿ ಮಣ್ಣು ಕೂತಿರುತ್ತದೆ. ಕೌಲ್ ಎಂಬ ಅವರ ಸಾರನ್ನು ಕುರಿಮಾಂಸ ಹಾಕಿ ಮಾಡುವುದೇ ವಾಡಿಕೆ, ಆದರೆ ಲೀಕ್, ಆಲೂಗಡ್ಡೆ, ಕ್ಯಾರೆಟ್ ಮತ್ತು ಸ್ವೀಡ್ ಎಂಬ ಗೆಡ್ಡೆಯನ್ನಷ್ಟೇ ಹಾಕಿ ನೀನೇ ಮಾಡಿಕೊಳ್ಳಬಹುದು. ನಮ್ಮ ಹುಳಿಯಂತೆ ಅದೂ ಮಾರನೆಯ ದಿನ ಬಿಸಿ ಮಾಡಿದರೇ ಹೆಚ್ಚು ರುಚಿ ಎಂದು ಅಲ್ಲಿನ ಮುದುಕಿಯರು ಹೇಳುತ್ತಿದ್ದರು.

ಅವರ ಭಾಷೆಯಲ್ಲಿ ರೊಟ್ಟಿಗೆ ಬಾರಾ ಎನ್ನುತ್ತಾರೆ. ಅನ್ನವಿಲ್ಲದ ಕಾಲವನ್ನು ಬರ ಎನ್ನುವ ನಮಗೆ ಇದೊಂದು ತಮಾಷೆ. ಒಣಹಣ್ಣುಗಳನ್ನು ರಾತ್ರಿಯಿಡೀ ಚಹಾದಲ್ಲಿ ನೆನೆಸಿ ಮಾಡುವ ಬಾರಾ ಬ್ರಿತ್, ಅಂದರೆ ಚುಕ್ಕೆರೊಟ್ಟಿ, ತೆಳುವಾಗಿ ಕತ್ತರಿಸಿ ಬೆಣ್ಣೆ ಸವರಿದರೆ ಮಳೆಯ ಸಂಜೆಗೆ ಹೇಳಿ ಮಾಡಿಸಿದ್ದು, ಅಲ್ಲಿ ಮಳೆಗಂತೂ ಬರವಿಲ್ಲ. ಬಾರಾ ಲಾವುರ್ ಮಾತ್ರ ಹೆಸರಿಗೆ ರೊಟ್ಟಿಯಾದರೂ ವಾಸ್ತವದಲ್ಲಿ ಬಂಡೆಗಳ ಮೇಲೆ ಬೆಳೆಯುವ ಕಡಲ ಪಾಚಿಯನ್ನು ಗಂಟೆಗಟ್ಟಲೆ ಕುದಿಸಿ ಮಾಡಿದ ಕಪ್ಪುಹಸಿರು ಗೊಜ್ಜು. ನಿಮ್ಮೂರಿನ ಮಾರುಕಟ್ಟೆಯಲ್ಲಿ ಹತ್ತಿರದ ಹಳ್ಳಿಯಾದ ಪೆನ್‌ಕ್ಲೌಥ್‌ನ ಕಾಕಲ್‌ಗಳ ಪಕ್ಕದಲ್ಲಿಯೇ ಅದನ್ನು ಮಾರುತ್ತಾರೆ. ಕಾಕಲ್ ಎಂದರೆ ನಮ್ಮ ಮಂಗಳೂರಿನವರ ಮರುವಾಯಿಯಂಥ ಚಿಪ್ಪಿನ ಜೀವಿ, ಅದು ನಿನಗೆ ಬೇಡ. ಪಾಚಿಯನ್ನು ಮಾತ್ರ ತಂದು ಓಟ್ಸ್ ಹಿಟ್ಟಿನಲ್ಲಿ ಕಲಸಿ, ಅವರು ಬಳಸುವ ಹಂದಿಕೊಬ್ಬಿನ ಬದಲು ಬೆಣ್ಣೆಯಲ್ಲಿ ವಡೆಯಂತೆ ತಟ್ಟಿ ಬೇಯಿಸು. ಮೊದಲ ತುತ್ತಿಗೆ ಮುಖ ಕಿವಿಚುವೆ. ನನಗೆ ಮೂರು ಸಲ ಬೇಕಾಯಿತು.

ಕುಡಿತದ ವಿಷಯವನ್ನು ನಿನ್ನ ತಂದೆಗೆ ತಿಳಿಯಬಾರದೆಂದು ಹೇಳಿ ನನ್ನನ್ನು ಕೇಳಿದ್ದೀಯೆ, ಆದ್ದರಿಂದ ಸಂಕ್ಷೇಪವಾಗಿ ಬರೆಯುತ್ತೇನೆ. ವೇಲ್ಸ್ ಪಬ್ಬುಗಳ ನಾಡೂ ಹೌದು, ಪ್ರಾರ್ಥನಾಮಂದಿರಗಳ ನಾಡೂ ಹೌದು. ಭಾನುವಾರ ಪಬ್ಬುಗಳನ್ನು ಮುಚ್ಚಬೇಕೆಂದು 1881ರಲ್ಲಿ ಮಾಡಿದ ಕಾನೂನಿನ ನೆರಳು ವಾಯವ್ಯದ ಒಂದು ಸೀಮೆಯಲ್ಲಿ 1996ರವರೆಗೂ ಉಳಿದಿತ್ತು. ಹೀಗಾಗಿ ಕುಡಿಯದವನನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಗೆಳೆಯರ ನಡುವೆ ನಿಂಬೆ ಪಾನಕದ ಲೋಟವೆತ್ತಿ "ಯೆಖಿದ್ ದಾ", ಅಂದರೆ ಒಳ್ಳೆಯ ಆರೋಗ್ಯವಿರಲಿ, ಎಂದರೂ ಸಲ್ಲುತ್ತದೆ. ಕುಡಿಯುವುದಾದರೆ ವಾರಕ್ಕೆ 14 ಯೂನಿಟ್ (ಪಾನೀಯದಲ್ಲಿರುವ ಮದ್ಯಸಾರದ ಅಳತೆ) ದಾಟಬಾರದೆಂದು ಅಲ್ಲಿನ ವೈದ್ಯರು ಹೇಳುತ್ತಾರೆ, ಒಂದು ಪೈಂಟ್, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು, ಸಾಧಾರಣ ಬಿಯರಿಗೇ ಎರಡು ಯೂನಿಟ್‌ಗಿಂತ ಹೆಚ್ಚಾಗುತ್ತದೆ. ಕಾರು ಓಡಿಸುವ ದಿನ ಒಂದು ಹನಿಯೂ ಬೇಡ. ಇನ್ನೊಂದು ಮಾತು: ಪೀಪಾಯಿಯ ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಹಾಕುವ ಪದ್ಧತಿಯಿದೆ. ಇಡೀ ವರ್ಷ ಸಸ್ಯಾಹಾರದ ಹೆಮ್ಮೆಯಲ್ಲಿ ಅದನ್ನೇ ಹೀರಿದ ಒಬ್ಬ ಡಾಕ್ಟರನ್ನು ನಾನು ಬಲ್ಲೆ, ಹೆಸರು ಕೇಳಬೇಡ.

ನಿನ್ನ ದೊಡ್ಡಮ್ಮ ಈ ವಾರ ಚಟ್ನಿಪುಡಿ ಕಳಿಸುತ್ತಿದ್ದಾಳೆ. ಅದರಲ್ಲಿ ಅರ್ಧವನ್ನು ಪಕ್ಕದ ಮನೆಯವರಿಗೆ ಕೊಟ್ಟು, ಕೇರ್ಫಿಲಿ ಚೀಸಿನ ತುಂಡಿನ ಮೇಲೆ ಉದುರಿಸಿಕೊಂಡು ತಿನ್ನಲು ಹೇಳು. ಹೊಂದುತ್ತದೆ, ನಾನು ಮಾಡಿ ನೋಡಿದ್ದೇನೆ. ಅವರು ಏನೆಂದರೆಂದು ಮುಂದಿನ ಪತ್ರದಲ್ಲಿ ಬರೆ.

ಇಂತಿ ನಿನ್ನ,
ದೊಡ್ಡಪ್ಪ