ಗಿಟಾರಿಗೆ ಮಳೆಗಾಲಕ್ಕಿಂತ ಬೇಸಿಗೆಯ ಒಣಹವೆಯೇ ಹೆಚ್ಚು ಹಾನಿಕರ

ಸಂಪಾದಕರಿಗೆ,

ಮಾನ್ಯರೇ,

ಮೈಸೂರು, ಮಂಡ್ಯದ ಮನೆಗಳಲ್ಲಿ ಅಕೂಸ್ಟಿಕ್ ಗಿಟಾರ್ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಹಟಕ್ಕೋ, ಎಸ್ಸೆಸ್ಸೆಲ್ಸಿಯಲ್ಲಿ ಬಂದ ಅಂಕಗಳ ಸಂತೋಷಕ್ಕೋ ಹತ್ತಿಪ್ಪತ್ತು ಸಾವಿರ ರೂಪಾಯಿ ಕೊಟ್ಟು ತರುವ ಈ ವಾದ್ಯವನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂದು ಕೇಳಿದರೆ, ಅಂಗಡಿಯವರಿಂದ ಹಿಡಿದು ನೆರೆಮನೆಯವರ ತನಕ ಎಲ್ಲರೂ ಹೇಳುವುದು ಒಂದೇ ಮಾತು: ಮಳೆಗಾಲದಲ್ಲಿ ಜೋಪಾನ, ತೇವ ತಾಗಬಾರದು. ಮಾತೇನೋ ಸರಿಯೇ. ಆದರೆ ಫೆಬ್ರುವರಿ ಕೊನೆಯಿಂದ ಮೊದಲ ಒಳ್ಳೆಯ ಮಳೆ ಬೀಳುವವರೆಗಿನ ಒಣಹವೆಯಲ್ಲಿ ಗಿಟಾರ್ ಸೀಳಬಹುದು ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ, ಮಗಳ ಗಿಟಾರ್ ಸೀಳಿದ ಮೇಲೆ ತಿಳಿಯಿತು.

ನಾನು ನೌಕರಿಯಲ್ಲಿದ್ದಷ್ಟು ಕಾಲ ಮಂಡ್ಯದ ಹೊರವಲಯದಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿಗೆ ಅಂಟಿಕೊಂಡಿದ್ದ ಹಳೆಯ ಹೆಂಚಿನ ಮನೆಯಲ್ಲಿ ನಾವಿದ್ದೆವು. ಗಿಟಾರ್ ತಂದದ್ದು ಆಗಲೇ. ಮೊದಲ ಆಷಾಢ ಕಳೆಯುವಷ್ಟರಲ್ಲಿ ಕೇಸಿನ ಒಳಬಟ್ಟೆಗೆ ಬೂಷ್ಟು ಹಿಡಿದು, ತಂತಿಗಳು ತುಕ್ಕಾಗಿ, ನಾದ ಒದ್ದೆ ಮೃದಂಗದಂತೆ ಮಂಕಾಯಿತು. ಯಾರೋ ಹೇಳಿದರೆಂದು ಸಿಲಿಕಾ ಜೆಲ್ ಹರಳುಗಳನ್ನು ತಂದು, ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಕೇಸಿನೊಳಗಿಟ್ಟೆ. ತೇವ ಕುಡಿದು ನೀಲಿಯಿಂದ ಗುಲಾಬಿಗೆ ತಿರುಗಿದ ಹರಳುಗಳನ್ನು ತಿಂಗಳಿಗೊಮ್ಮೆ ಹಳೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತಿದ್ದವು. (ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷಕಾರಿ. ವಿಷಯ ತಿಳಿದ ದಿನವೇ ನನ್ನ ಹೆಂಡತಿ ಆ ಕಾವಲಿಯನ್ನು ಗುಜರಿಗೆ ಹಾಕಿದಳು. ಓದುಗರು ಅಡುಗೆಯ ಪಾತ್ರೆಯನ್ನು ಈ ಕೆಲಸಕ್ಕೆ ಬಳಸದಿರಲಿ.) ಆ ಮನೆಯಲ್ಲಿ ಈ ಉಪಾಯದಿಂದ ನಿಜಕ್ಕೂ ಪ್ರಯೋಜನವಾಯಿತು.

ನಿವೃತ್ತಿಯ ನಂತರ ಮೈಸೂರಿಗೆ ಬಂದೆವು. ಇಲ್ಲಿ ನಮ್ಮದು ಎರಡನೇ ಮಹಡಿ. ತಲೆಯ ಮೇಲೆ ಬಿಸಿಲಿಗೆ ಕಾಯುವ ಆರ್‌ಸಿಸಿ ಚಾವಣಿ, ಪಶ್ಚಿಮಕ್ಕೆ ತೆರೆಯುವ ಕಿಟಕಿ. ಮನೆ ಬದಲಾಯಿತು, ನನ್ನ ಅಭ್ಯಾಸ ಬದಲಾಗಲಿಲ್ಲ. ಮಾರ್ಚಿಯಲ್ಲೂ ಶ್ರದ್ಧೆಯಿಂದ ಹರಳು ಕಾಯಿಸಿ ಕೇಸಿನೊಳಗಿಡುತ್ತಲೇ ಇದ್ದೆ. "ಅಪ್ಪಾ, ನೆಕ್ ಮೇಲೆ ಕೈ ಜಾರಿಸಿದರೆ ಫ್ರೆಟ್ ಚುಚ್ಚುತ್ತೆ" ಎಂದು ಮಗಳು ಹೇಳಿದಾಗ ಅವಳ ಬೆರಳಿನ ತುದಿ ನೋಡಿದೆನೇ ಹೊರತು ನೆಕ್ಕಿನ ಅಂಚು ಮುಟ್ಟಿ ನೋಡಲಿಲ್ಲ. (ನೆಕ್ ಎಂದರೆ ಗಿಟಾರಿನ ಉದ್ದನೆಯ ಕತ್ತು, ಫ್ರೆಟ್ ಎಂದರೆ ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ.) ದಪ್ಪ ತಂತಿಗಳು ಫ್ರೆಟ್ಟಿಗೆ ತಾಗಿ ಝರ್ ಎನ್ನತೊಡಗಿದಾಗ ಹೊಸ ತಂತಿ ಹಾಕಿಸಿದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಕೋಣೆಯಿಂದ, ಒಣಗಿದ ಅವರೆಕಾಯಿ ಸಿಡಿದಂತೆ, ಟಪ್ಪೆಂದು ಸದ್ದು ಬಂತು. ಕೇಸು ತೆರೆದರೆ, ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಹಿಂಬದಿಯಿಂದ ಕೆಳಗಿನ ಅಂಚಿನವರೆಗೆ ಮರದ ಎಳೆಯ ಗುಂಟ ಕೂದಲೆಳೆಯಂಥ ಗೆರೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಸಂಜೆ ಗಿಟಾರಿನ ಒಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಆ ಗೆರೆಯುದ್ದಕ್ಕೂ ಬೆಳಕು ಹೊರಗೆ ಇಣುಕುತ್ತಿತ್ತು.

ಯಾಕೆ ಹೀಗಾಯಿತು ಎಂಬುದನ್ನು ತುಸು ವಿವರಿಸುವುದು ಅಗತ್ಯ. ಮರ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ, ಎಳೆಗೆ ಅಡ್ಡಲಾಗಿ ಮಾತ್ರ ಗಣನೀಯ. ದೊಡ್ಡ ಗಾತ್ರದ ಗಿಟಾರಿನ ಮೇಲ್ಹಲಗೆ ಅತಿ ಅಗಲವಾದ ಕಡೆ ಸುಮಾರು 40 ಸೆಂ.ಮೀ. ಇರುತ್ತದೆ, ದಪ್ಪ ಮಾತ್ರ ಮೂರು ಮಿ.ಮೀ. ಆಸುಪಾಸು. ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ 50ರಿಂದ 25ಕ್ಕೆ ಇಳಿದು ಅಲ್ಲೇ ನಿಂತರೆ, ಸ್ಪ್ರೂಸ್ ಮರದ ಇಂಥ ಹಲಗೆ ಅಗಲದಲ್ಲಿ ಎರಡು ಮಿ.ಮೀ.ಯಷ್ಟು ಕುಗ್ಗಲು ನೋಡುತ್ತದೆ. ಆದರೆ ಅದರ ಒಳಮೈಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳೂ ಸುತ್ತಲಿನ ಚೌಕಟ್ಟೂ ಅದಕ್ಕೆ ಜಾಗ ಬಿಡುವುದಿಲ್ಲ. ಇದರ ಜೊತೆಗೆ ಆರು ಉಕ್ಕಿನ ತಂತಿಗಳು ಒಟ್ಟು 70 ಕೆ.ಜಿ.ಗೂ ಹೆಚ್ಚು ಬಲದಿಂದ ಬ್ರಿಡ್ಜನ್ನು ಎಳೆಯುತ್ತಿರುತ್ತವೆ. ಹಲಗೆ ಮೊದಲು ಒಳಕ್ಕೆ ಕುಸಿಯುತ್ತದೆ, ತಂತಿ ತಗ್ಗಿ ಫ್ರೆಟ್ಟಿಗೆ ತಾಗುತ್ತದೆ. ನೆಕ್ಕಿನ ಮರ ಕುಗ್ಗಿದರೂ ಲೋಹದ ಫ್ರೆಟ್ ಕುಗ್ಗದ ಕಾರಣ ಅದರ ತುದಿ ಹೊರಚಾಚಿ ಅಂಗೈಗೆ ಚುಚ್ಚುತ್ತದೆ. ಅಷ್ಟಕ್ಕೂ ಎಚ್ಚರವಾಗದಿದ್ದರೆ ಹಲಗೆ ಸೀಳುತ್ತದೆ. ನಮ್ಮ ಮನೆಯಲ್ಲಿ ಈ ಮೂರೂ ಇದೇ ಸುಮಾರಿಗೆ ನಡೆದವು, ನಾನು ಕೊನೆಯದನ್ನು ಮಾತ್ರ ಗುರುತಿಸಿದೆ.

ಗಿಟಾರಿನ ಪಕ್ಕ ಮತ್ತು ಹಿಂಬದಿಗೆ ಜಗತ್ತಿನಾದ್ಯಂತ ಬಳಸುವ ಬೀಟೆ ಮರ ನಮ್ಮ ಪಶ್ಚಿಮಘಟ್ಟದ ಕಾಡುಗಳದೇ ಆಗಿರುವಾಗ ನಮ್ಮ ಹವೆ ಅದಕ್ಕೆ ಒಗ್ಗದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಬೀಟೆ ಕೆತ್ತನೆಗೆ ಹೆಸರಾದ ಮೈಸೂರಿನಲ್ಲಿ ಏಳಬೇಕಾದ ಪ್ರಶ್ನೆಯೇ ಸರಿ. ಆದರೆ ಇಲ್ಲಿ ಮುಖ್ಯವಾದದ್ದು ಮರ ಬೆಳೆದ ಊರಲ್ಲ, ಅದನ್ನು ಅಂಟಿಸಿದ ಕೋಣೆ. ಒಳ್ಳೆಯ ತಯಾರಕರು ಶೇ 45ರಿಂದ 50ರ ಆಸುಪಾಸಿನ ಆರ್ದ್ರತೆಯಲ್ಲಿ ಹಲಗೆಗಳನ್ನು ಜೋಡಿಸುತ್ತಾರೆ. ಆಮೇಲೆ ವಾದ್ಯಕ್ಕೆ ಹಿತವೆನಿಸುವುದೂ ಅದೇ, ಅಂದರೆ ಶೇ 45ರಿಂದ 55.

ಹೊಸ ವಾದ್ಯದ ವಿಷಯದಲ್ಲಿ ಅಜ್ಞಾನ ತೋರುವ ನಮ್ಮೂರಿಗೆ ಹಳೆಯ ವಾದ್ಯದ ವಿಷಯದಲ್ಲಿ ಈ ಜ್ಞಾನವಿತ್ತು ಎಂಬುದೇ ನನಗೆ ಸೋಜಿಗ. ವೀಣೆ ಶೇಷಣ್ಣನವರ ಊರಿದು. ವೀಣೆಯ ಫ್ರೆಟ್ಟುಗಳು ಕೂರುವುದು ಮೇಣದ ಮೇಲೆ. ಬೇಸಿಗೆಯಲ್ಲಿ ಮೇಣ ಮೆತ್ತಗಾದರೆ ಸ್ವರಸ್ಥಾನ ಜರುಗುತ್ತದೆಂದು ವೀಣೆ ಇರುವ ಮನೆಯ ಅಜ್ಜಿಯರಿಗೂ ಗೊತ್ತು, ಮತ್ತೆ ಮೇಳ ಕಟ್ಟಿಸಬೇಕಾದ, ಅಂದರೆ ಫ್ರೆಟ್ಟುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಬೇಕಾದ ಖರ್ಚೂ ಗೊತ್ತು. ಹಾಗಾಗಿ ಅವರು ವೀಣೆಯನ್ನು ಕಿಟಕಿಯ ಬಿಸಿಲಿಗೂ ಹೊರಗೋಡೆಗೂ ದೂರವಾಗಿ, ನಡುಮನೆಯಲ್ಲಿ ಬಟ್ಟೆ ಹೊದಿಸಿ ಇಡುತ್ತಿದ್ದರು. ಗಿಟಾರನ್ನು ಮಾತ್ರ ನಾವು ಶೋಕೇಸಿನ ಗೊಂಬೆಯಂತೆ ಬಿಸಿಲು ಬೀಳುವ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತೇವೆ.

ಬೇಸಿಗೆಯಲ್ಲಿ ಮೇಲ್ಮಹಡಿಯ ಕೋಣೆ ಎಷ್ಟು ಒಣಗುತ್ತದೆಂಬುದು ಬರಿಯ ಅಂದಾಜಿಗೆ ಸಿಗುವುದಿಲ್ಲ. ಬೆಳಿಗ್ಗೆ 24 ಡಿಗ್ರಿಯಲ್ಲಿ ಶೇ 60 ಆರ್ದ್ರತೆ ಇದ್ದ ಗಾಳಿಯೇ, ಒಂದು ಹನಿ ನೀರೂ ಹೊರಹೋಗದೆ, 36 ಡಿಗ್ರಿಗೆ ಕಾದರೆ ಸುಮಾರು ಶೇ 30ಕ್ಕೆ ಇಳಿದಿರುತ್ತದೆ. ಆದ್ದರಿಂದ ಗಿಟಾರ್ ಇರುವ ಮನೆಯಲ್ಲಿ ಮೊದಲು ಬೇಕಾದದ್ದು ಆರ್ದ್ರತೆ ಅಳೆಯುವ ಹೈಗ್ರೋಮೀಟರ್. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಾಪಕ ಸಾಕು, ಆದರೆ ಅದನ್ನು ಕುರುಡಾಗಿ ನಂಬಬಾರದು. ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಕರಗದಂತೆ, ಬರಿಯ ಒದ್ದೆ ಮರಳಿನಂತಾಗುವಷ್ಟೇ ನೀರು ತೊಟ್ಟಿಕ್ಕಿ, ಮಾಪಕದ ಜೊತೆಗೆ ಜಿಪ್ ಕವರಿನಲ್ಲಿ ಮುಚ್ಚಿ ಒಂದು ದಿನ ಬಿಟ್ಟರೆ ಒಳಗಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮಾಪಕ 68 ತೋರಿಸಿತು. ಅಂದಿನಿಂದ ಏಳು ಕೂಡಿಸಿ ಓದುತ್ತೇನೆ. ಹಾಗೆ ಓದಿದಾಗ ನಮ್ಮ ಕೋಣೆಯ ಏಪ್ರಿಲ್ ಮಧ್ಯಾಹ್ನದ ಅಂಕಿ ಶೇ 26. ಇಂಥ ಹವೆಯಲ್ಲಿ ಸಿಲಿಕಾ ಜೆಲ್ ಇಟ್ಟವನ ಬುದ್ಧಿಗೆ ಏನೆನ್ನುವುದು!

ಈಗ ನಾವು ಮಾಡುತ್ತಿರುವುದು ಸರಳ. ಗಿಟಾರ್ ಇರುವುದು ತಂಪಾದ, ಒಳಗೋಡೆಯ ಬದಿಯ ಮೂಲೆಯಲ್ಲಿ. ನುಡಿಸದ ಹೊತ್ತಿನಲ್ಲಿ ಕೇಸಿನೊಳಗೆ. ಪ್ಲಾಸ್ಟಿಕ್ಕಿನ ಸೋಪುಡಬ್ಬಿಗೆ ಮೇಲ್ಗಡೆ ಹತ್ತಾರು ತೂತು ಕೊರೆದು, ಅದರೊಳಗೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜನ್ನಿಟ್ಟು, ಡಬ್ಬಿಯನ್ನು ಕೇಸಿನಲ್ಲಿ ಗಿಟಾರಿನ ತಲೆಯ ಬಳಿ ಇರಿಸಿದ್ದೇನೆ. ಹಿಂಡದ ಸ್ಪಂಜಿನಿಂದ ನೀರು ತೊಟ್ಟಿಕ್ಕಿದರೆ ಒಂದು ಹಾನಿಯ ಬದಲು ಇನ್ನೊಂದು ಹಾನಿ. ಮಾರ್ಚಿ, ಏಪ್ರಿಲ್‌ನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸ್ಪಂಜು ಒಣಗುತ್ತದೆ. ಈ ಗೊಡವೆ ಬೇಡವೆನ್ನುವವರಿಗೆ ಹೆಚ್ಚಾದ ತೇವವನ್ನು ಹೀರಿ, ಕಡಿಮೆಯಾದಾಗ ಬಿಡುವ, ಉಪ್ಪಿನ ದ್ರಾವಣ ತುಂಬಿದ ಪೊಟ್ಟಣಗಳು ಸಿಗುತ್ತವೆ. ಅವು ಒಳ್ಳೆಯವೇ, ಆದರೆ ದುಬಾರಿ. ಜೊತೆಗೆ ಬಿಗಿಯಾಗಿ ಮುಚ್ಚುವ ಗಟ್ಟಿ ಕೇಸಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಅಂಗಡಿಯಲ್ಲಿ ಪುಕ್ಕಟೆ ಕೊಡುವ ತೆಳು ಬಟ್ಟೆಯ ಚೀಲದಲ್ಲಿಟ್ಟರೆ ಆ ಪೊಟ್ಟಣ ಇಡೀ ಕೋಣೆಗೆ ತೇವ ಹಂಚಲು ಹೊರಟು ವಾರಗಳಲ್ಲೇ ಗಟ್ಟಿಯಾಗುತ್ತದೆ.

ಮಳೆಗಾಲದ ಎಚ್ಚರ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಶೇ 65 ದಾಟಿ ವಾರಗಟ್ಟಲೆ ನಿಂತರೆ ಮೇಲ್ಹಲಗೆ ಉಬ್ಬಿ, ತಂತಿ ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಹಾಗೇ ಬಿಟ್ಟರೆ ಬ್ರಿಡ್ಜ್ ಕಿತ್ತು ಏಳಲೂಬಹುದು. ಸಿಲಿಕಾ ಜೆಲ್‌ಗೆ ಆಗ ಮಾತ್ರ ಕೆಲಸ. ಗಿಟಾರ್ ಇರುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುವುದನ್ನು ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ನುಸಿಗುಳಿಗೆಯಿಂದ ತೇವ ಕಡಿಮೆಯಾಗುವುದಿಲ್ಲ, ಕೊಬ್ಬರಿ ಎಣ್ಣೆ ಸವರಿದರೆ ಮರದಿಂದ ಹೋದ ನೀರು ಮರಳಿ ಬರುವುದೂ ಇಲ್ಲ.

ಬಿರುಕು ಬಿಟ್ಟ ಮೇಲೆ ನಾನು ಮಾಡಿದ ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಪೀಠೋಪಕರಣ ಮಾಡುವ ಬಡಗಿಯೊಬ್ಬರಿಂದ ಏಪ್ರಿಲ್‌ನಲ್ಲೇ ಆ ಸೀಳಿಗೆ ಅಂಟು ಮತ್ತು ಮರದ ಹೊಟ್ಟು ತುಂಬಿಸಿದೆ. ನೋಡಲು ಚೆನ್ನಾಗಿತ್ತು. ಜುಲೈನಲ್ಲಿ ಮರ ತನ್ನ ಮೂಲ ಅಗಲಕ್ಕೆ ಹಿಗ್ಗಲು ಹೊರಟಾಗ ಆ ತುಂಬಿದ ಅಂಟು ಜಾಗ ಬಿಡದೆ, ಸೀಳಿನ ಎರಡೂ ಬದಿ ಏರಿಯಂತೆ ಎದ್ದುನಿಂತಿತು. ವಾದ್ಯ ರಿಪೇರಿಯಲ್ಲಿ ಪಳಗಿದವರೊಬ್ಬರು ಅದನ್ನೆಲ್ಲ ಕೆರೆದು ತೆಗೆದು ವಿವರಿಸಿದ ಪ್ರಕಾರ, ಸೀಳಿದ ಗಿಟಾರಿಗೆ ಮೊದಲು ನಿಧಾನವಾಗಿ ತೇವ ಕೊಟ್ಟು, ಬಿರುಕು ತಾನಾಗಿ ಕೂಡಿಕೊಂಡ ಮೇಲೆ ಅಂಟು ಹಾಕಿ, ಒಳಗಿನಿಂದ ಸಣ್ಣ ಮರದ ಬಿಲ್ಲೆಗಳನ್ನು ಎಳೆಗೆ ಅಡ್ಡಲಾಗಿ ಕೂರಿಸಬೇಕು. ರಿಪೇರಿಗೆ ಗಿಟಾರಿನ ಬೆಲೆಯ ಮೂರನೇ ಒಂದು ಪಾಲು ಖರ್ಚಾಯಿತು. ಮಾರಿದ ಅಂಗಡಿಯವರನ್ನು ಕೇಳಿದರೆ, ಹವೆಯಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರ ತೋರಿಸಿದರು. ಅದು ನಿಯಮವೇ, ಜಗಳವಾಡಲಿಲ್ಲ. ಆದರೆ ಆ ಸಣ್ಣ ಅಕ್ಷರವನ್ನು ಮಾರುವ ದಿನವೇ ಬಾಯಲ್ಲಿ ಹೇಳಬಹುದಿತ್ತಲ್ಲ?

ಆದ್ದರಿಂದ ನಮ್ಮ ಎರಡೂ ಊರಿನ ವಾದ್ಯದಂಗಡಿಗಳಲ್ಲಿ ನನ್ನ ಕೋರಿಕೆ ಇಷ್ಟು. ಗಿಟಾರಿನ ಮೇಲ್ಹಲಗೆ ಇಡಿಯ ಮರದ್ದೋ, ಪದರಗಳನ್ನು ಅಂಟಿಸಿದ ಪ್ಲೈವುಡ್ಡಿನದೋ ಎಂದು ಗಿರಾಕಿಗೆ ತಿಳಿಸಿ. ಪ್ಲೈವುಡ್ಡಿನದು ಹವೆಯ ಏರಿಳಿತವನ್ನು ಬಹಳಷ್ಟು ತಡೆದುಕೊಳ್ಳುತ್ತದೆ, ಹೆಚ್ಚು ದುಡ್ಡು ತೆತ್ತು ಕೊಂಡ ಇಡಿಮರದ್ದೇ ಬೇಗ ಸೀಳುತ್ತದೆ. ಅಂಗಡಿಯ ಗೋಡೆಗೊಂದು ಮಾಪಕ ತಗುಲಿಸಿ, ಗಿಟಾರಿನ ಜೊತೆ ಕನ್ನಡದಲ್ಲಿ ಅರ್ಧ ಪುಟದ ಸೂಚನೆ ಕೊಡಿ. ತಗಡಿನ ಚಾವಣಿಯ ಕೆಳಗೆ ತರಗತಿ ನಡೆಸುವ ಸಂಗೀತ ಶಾಲೆಗಳು ಮಕ್ಕಳ ಗಿಟಾರುಗಳನ್ನು ಬೇಸಿಗೆ ರಜೆಯಲ್ಲಿ ಅಲ್ಲೇ ಬೀಗ ಹಾಕಿ ಬಿಡದೆ ಮನೆಗೆ ಕಳಿಸಲಿ.

ತಮ್ಮಲ್ಲೂ ಒಂದು ಕೋರಿಕೆಯಿದೆ. ಪತ್ರಿಕೆಯ ಹವಾಮಾನದ ಅಂಕಣದಲ್ಲಿ ಗರಿಷ್ಠ, ಕನಿಷ್ಠ ಉಷ್ಣಾಂಶ ತಪ್ಪದೆ ಬರುತ್ತದೆ. ಹವಾಮಾನ ಇಲಾಖೆ ಬೆಳಿಗ್ಗೆ 8.30 ಮತ್ತು ಸಂಜೆ 5.30ರ ಆರ್ದ್ರತೆಯನ್ನೂ ದಾಖಲಿಸುತ್ತದೆ. ಮೈಸೂರು ಮತ್ತು ಮಂಡ್ಯಕ್ಕೆ ಸಂಬಂಧಿಸಿದ ಆ ಎರಡು ಅಂಕಿಗಳನ್ನು ಉಷ್ಣಾಂಶದ ಪಕ್ಕದಲ್ಲಿ, ಕನಿಷ್ಠ ಫೆಬ್ರುವರಿಯಿಂದ ಮೇ ತನಕ, ಅಚ್ಚುಹಾಕಿದರೆ ಮನೆಯಲ್ಲಿ ಮಾಪಕವಿಲ್ಲದವರೂ ಸ್ಪಂಜು ಒದ್ದೆ ಮಾಡುವ ದಿನ ಯಾವುದೆಂದು ಅಲ್ಲೇ ನೋಡಿಕೊಂಡಾರು.

ಇತಿ ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ನೌಕರ, ಸರಸ್ವತಿಪುರಂ, ಮೈಸೂರು