ಬ್ರಸೆಲ್ಸ್‌ನಲ್ಲಿರುವ ಮೊಮ್ಮಗಳಿಗೆ, ಸಂಗಾತಿಗಳ ಒಡಕಿನ ಬಗ್ಗೆ

ದಾವಣಗೆರೆ

ಪ್ರೀತಿಯ ಮಗೂ,

ನಿನ್ನ ಪತ್ರ ಬಂದು ಹತ್ತು ದಿನಗಳಾದವು. ಕೂಡಲೇ ಉತ್ತರಿಸಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ನೀನು ಕೇಳಿರುವ ಪ್ರಶ್ನೆಗೆ ನಾನು ಹದಿನೇಳನೆಯ ವಯಸ್ಸಿನಿಂದಲೂ ಉತ್ತರ ಹುಡುಕುತ್ತ ಬಂದವಳು. ಅವಸರದಲ್ಲಿ ಎರಡು ಸಾಲು ಗೀಚಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಗಾಜಾದ ಮೇಲಿನ ಬಾಂಬ್ ದಾಳಿಯನ್ನು ವಿರೋಧಿಸಲು ನಿಮ್ಮ ವಿಶ್ವವಿದ್ಯಾಲಯದ ಎಡಪಂಥೀಯ ಗುಂಪುಗಳೆಲ್ಲ ಸೇರಿ ಕಟ್ಟಿದ ಜಂಟಿ ಸಮಿತಿ ಈಗ ಉಕ್ರೇನಿನ ಪ್ರಶ್ನೆಯ ಮೇಲೆ ಬಿರುಕು ಬಿಡುತ್ತಿದೆ ಎಂದು ಬರೆದಿದ್ದೀಯ. ರಷ್ಯಾವನ್ನು ಸಾಮ್ರಾಜ್ಯಶಾಹಿ ಎಂದು ಕರೆಯದವರ ಜೊತೆ ಒಂದೇ ಬ್ಯಾನರ್ ಹಿಡಿಯುವುದಿಲ್ಲ ಎಂದು ಒಂದು ಗುಂಪಿನವರು, ಹಾಗೆ ಕರೆಯುವವರು ನ್ಯಾಟೋದ ಬಾಲಬಡುಕರು ಎಂದು ಇನ್ನೊಂದು ಗುಂಪಿನವರು ಹಟ ಹಿಡಿದಿದ್ದಾರೆ. ನಾನು ಸಮಿತಿಯನ್ನು ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ ಎಂಬುದೇ ನನ್ನ ಮಾತು. ಅದಕ್ಕೆ ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಓದುವ ತಾಳ್ಮೆ ಇರಲಿ.

ನಿಮ್ಮ ಜಗಳ ನಿಮ್ಮಲ್ಲೇ ಹುಟ್ಟಿದ್ದಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆ ಗಡಿ ದಾಟಿದ ಮೇಲೆ ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳೇ ಎರಡು ದಿಕ್ಕಿಗೆ ಮುಖ ಮಾಡಿದವು. ಗ್ರೀಸಿನ ಕಮ್ಯುನಿಸ್ಟ್ ಪಕ್ಷ ಇದು ಎರಡೂ ಕಡೆಯಿಂದ ಸಾಮ್ರಾಜ್ಯಶಾಹಿ ಯುದ್ಧ, ಎರಡೂ ಕಡೆಯ ಬಂಡವಾಳಶಾಹಿಗಳ ಪೈಪೋಟಿಗೆ ದುಡಿಯುವ ಜನ ರಕ್ತ ಹರಿಸಬೇಕಾಗಿಲ್ಲ ಎಂದಿತು. ರಷ್ಯಾದ ಕಮ್ಯುನಿಸ್ಟ್ ಪಕ್ಷ ತನ್ನ ದೇಶದ ಸರ್ಕಾರದ ಸೇನಾ ಕಾರ್ಯಾಚರಣೆಯನ್ನು ಬೆಂಬಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ವಿಶ್ವ ಸಾಮ್ರಾಜ್ಯಶಾಹಿ-ವಿರೋಧಿ ವೇದಿಕೆ, ಅಮೆರಿಕದ ನೇತೃತ್ವದ ಕೂಟವೇ ಸಾಮ್ರಾಜ್ಯಶಾಹಿ, ರಷ್ಯಾ ಮತ್ತು ಚೀನಾಗಳನ್ನು ಆ ಹೆಸರಿನಿಂದ ಕರೆಯುವುದು ತಪ್ಪು ಎಂದು ವಾದಿಸಿತು. 1998ರಲ್ಲಿ ಅಥೆನ್ಸ್‌ನಲ್ಲಿ ಆರಂಭವಾಗಿ 2009ರಲ್ಲಿ ನಮ್ಮ ದೆಹಲಿಯಲ್ಲೂ ನಡೆದ ಕಮ್ಯುನಿಸ್ಟ್ ಮತ್ತು ಕಾರ್ಮಿಕ ಪಕ್ಷಗಳ ಅಂತರರಾಷ್ಟ್ರೀಯ ಸಭೆಗಳಿಗೂ ಈ ಭಿನ್ನಾಭಿಪ್ರಾಯ ಕಾಲಿಟ್ಟಿತು. ಎರಡೂ ಕಡೆಯವರು ಎತ್ತಿ ತೋರಿಸುವುದು ಸಾಮ್ರಾಜ್ಯಶಾಹಿಯ ಬಗ್ಗೆ ಲೆನಿನ್ 1916ರಲ್ಲಿ ಬರೆದ ಒಂದೇ ಪುಸ್ತಕವನ್ನು. ಒಬ್ಬರು ಅದರಲ್ಲಿನ ಏಕಸ್ವಾಮ್ಯ, ಬ್ಯಾಂಕು ಮತ್ತು ಉದ್ಯಮಗಳು ಬೆಸೆದುಕೊಂಡ ಹಣಕಾಸು ಬಂಡವಾಳ, ಬಂಡವಾಳದ ರಫ್ತು ಎಂಬ ಲಕ್ಷಣಗಳನ್ನು ಹಿಡಿದು ಬಂಡವಾಳಶಾಹಿ ಜಗತ್ತೆಲ್ಲವನ್ನೂ ಮೇಲು ಕೆಳಗಿನ ಒಂದೇ ಪಿರಮಿಡ್ಡಾಗಿ ಕಾಣುತ್ತಾರೆ. ಇನ್ನೊಬ್ಬರು ಬೆರಳೆಣಿಕೆಯ ರಾಷ್ಟ್ರಗಳು ಉಳಿದ ಜಗತ್ತನ್ನು ಸುಲಿಯುತ್ತವೆ ಎಂಬ ಮಾತನ್ನು ಹಿಡಿದು ಆ ಬೆರಳೆಣಿಕೆಯಲ್ಲಿ ರಷ್ಯಾ ಬರುವುದಿಲ್ಲ ಎನ್ನುತ್ತಾರೆ. ಇದು ಕ್ಷುಲ್ಲಕ ಜಗಳವಲ್ಲ ಮಗೂ. ಯುದ್ಧ ಬಂದಾಗ ಯಾರ ಬಂದೂಕಿನ ಎದುರು ನಿಲ್ಲಬೇಕೆಂಬುದು ಈ ವಾದದಿಂದಲೇ ತೀರ್ಮಾನವಾಗುತ್ತದೆ.

ಕ್ಷುಲ್ಲಕವಲ್ಲ ಎಂದು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ಮಾಸ್ಕೋದ ಮತ್ತು ಪೀಕಿಂಗಿನ, ಅಂದರೆ ಈಗಿನ ಬೀಜಿಂಗಿನ, ಕಮ್ಯುನಿಸ್ಟ್ ಪಕ್ಷಗಳು ಜಗಳವಾಡಿಕೊಂಡಿದ್ದ ಕಾಲದಲ್ಲಿ, 1964ರಲ್ಲಿ, ನಮ್ಮ ದೇಶದ ಕಮ್ಯುನಿಸ್ಟ್ ಪಕ್ಷವೂ ಎರಡಾದಾಗ ನನ್ನ ತಂದೆ ಒಂದು ಕಡೆ ಉಳಿದರು, ಗಿರಣಿಯಲ್ಲಿ ಅವರ ಪಕ್ಕದ ಮಗ್ಗದಲ್ಲೇ ದುಡಿಯುತ್ತಿದ್ದ ಗೆಳೆಯರು ಇನ್ನೊಂದು ಕಡೆ ಹೋದರು. ಒಂದೇ ಬೀಡಿಯನ್ನು ಹಂಚಿಕೊಂಡು ಸೇದುತ್ತಿದ್ದವರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವಂತಾದರು. ಮಾಸ್ಕೋದವರು ಮತ್ತು ಪೀಕಿಂಗಿನವರು ನಿಮ್ಮ ಬೋನಸ್ಸು ಕೇಳುವುದಕ್ಕೆ ಗಿರಣಿಯ ಗೇಟಿಗೆ ಬರುತ್ತಾರೆಯೇ ಎಂದು ನನ್ನ ತಾಯಿ ಕೇಳುತ್ತಿದ್ದರು. ತಾಯಿಯ ಮಾತು ಅರ್ಧ ಮಾತ್ರ ಸರಿಯೆಂದು ಆಗಲೂ ನನಗನಿಸಿತ್ತು, ಈಗಲೂ ಅನಿಸುತ್ತದೆ. ಆ ಒಡಕಿನ ಒಳಗೆ ಮಾಸ್ಕೋ ಪೀಕಿಂಗುಗಳಷ್ಟೇ ಇರಲಿಲ್ಲ. ಕಾಂಗ್ರೆಸ್ ಸರ್ಕಾರ ಯಾವ ವರ್ಗದ್ದು, ಅದರೊಡನೆ ಕೂಡಬೇಕೇ ಕಾದಬೇಕೇ ಎಂಬ ನಮ್ಮ ನೆಲದ ಪ್ರಶ್ನೆಯೂ ಇತ್ತು, 1962ರ ಗಡಿ ಯುದ್ಧದ ಗಾಯವೂ ಇತ್ತು. ಆದರೆ 1970ರಲ್ಲಿ ಕಾರ್ಮಿಕ ಸಂಘಟನೆಯೂ ಒಡೆದು ಎಐಟಿಯುಸಿಯ ಪಕ್ಕದಲ್ಲಿ ಸಿಐಟಿಯು ಹುಟ್ಟಿಕೊಂಡ ಮೇಲೆ ಒಂದೇ ಗೇಟಿನಲ್ಲಿ ಎರಡು ಕೆಂಬಾವುಟಗಳು ನಿಂತವಲ್ಲ, ಆಗ ಲಾಭವಾದದ್ದು ಮಾಲೀಕರಿಗೆ ಎಂಬುದನ್ನು ತಂದೆ ಕೊನೆಗಾಲದಲ್ಲಿ ಒಪ್ಪಿದರು. ಪಕ್ಷಗಳು ಬೇರೆಯಾದದ್ದಕ್ಕಲ್ಲ, ಬೋನಸ್ಸಿನ ಬೇಡಿಕೆಗೂ ಒಟ್ಟಿಗೆ ಹೋಗದೆ ಉಳಿದದ್ದಕ್ಕೆ ಅವರು ನೊಂದುಕೊಂಡರು.

ಈ ವ್ಯತ್ಯಾಸವನ್ನು ಜಪಾನಿನವರಷ್ಟು ಕಷ್ಟಪಟ್ಟು ಕಲಿತವರು ಇಲ್ಲವೆಂದು ನನಗನಿಸುತ್ತದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಒಂದು ಮೀನುಗಾರಿಕೆಯ ದೋಣಿಯ ಮೇಲೆ ಸುರಿಯಿತು. ಟೋಕಿಯೋದ ಸುಗಿನಾಮಿ ಎಂಬ ಬಡಾವಣೆಯ ಗೃಹಿಣಿಯರು ಅಣುಬಾಂಬಿನ ವಿರುದ್ಧ ಸಹಿ ಸಂಗ್ರಹಿಸತೊಡಗಿದರು. ಮರುವರ್ಷದ ಹೊತ್ತಿಗೆ ದೇಶದಾದ್ಯಂತ ಸಹಿಗಳು 3 ಕೋಟಿ ದಾಟಿದವು. 1955ರ ಆಗಸ್ಟ್‌ನಲ್ಲಿ ಹಿರೋಶಿಮಾದಲ್ಲಿ ಮೊದಲ ವಿಶ್ವ ಸಮ್ಮೇಳನ ಸೇರಿತು. ಅಂಥ ಚಳವಳಿ ಹತ್ತು ವರ್ಷ ತುಂಬುವುದರೊಳಗೆ ಒಡೆಯಿತು. ಒಡೆದದ್ದು ಹೇಗೆ? 1962ರ ಸಮ್ಮೇಳನ ನಡೆಯುತ್ತಿರುವಾಗಲೇ ಸೋವಿಯತ್ ಒಕ್ಕೂಟ ಅಣುಪರೀಕ್ಷೆ ನಡೆಸಿತು. ಯಾವ ದೇಶದ ಪರೀಕ್ಷೆಯಾದರೂ ಖಂಡಿಸಬೇಕು ಎಂದರು ಸಮಾಜವಾದಿಗಳು. ಸಮಾಜವಾದಿ ದೇಶದ ಬಾಂಬು ಆತ್ಮರಕ್ಷಣೆಯದು, ಅದನ್ನು ಅಮೆರಿಕದ ಬಾಂಬಿನ ಜೊತೆ ತೂಗಬಾರದು ಎಂದರು ಕಮ್ಯುನಿಸ್ಟರು. ಮರುವರ್ಷ ಮಾಸ್ಕೋದಲ್ಲಿ ಭಾಗಶಃ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿಯಾದಾಗ ಚೀನಾ ಅದನ್ನು ವಿರೋಧಿಸಿತು, ಜಪಾನಿನ ಕಮ್ಯುನಿಸ್ಟ್ ಪಕ್ಷವೂ ವಿರೋಧಿಸಿತು, ಸಮಾಜವಾದಿಗಳು ಸ್ವಾಗತಿಸಿದರು. ಚಳವಳಿ ಇಬ್ಭಾಗವಾಗಿ 1965ರಲ್ಲಿ ಎರಡನೆಯ ಸಂಘಟನೆ ಹುಟ್ಟಿತು. ಅಣುಬಾಂಬಿನಿಂದ ಬೆಂದ ಹಿರೋಶಿಮಾದ ಮನುಷ್ಯನಿಗೆ ಬೂದಿ ಯಾವ ದೇಶದ್ದಾದರೇನು? ಈ ಪ್ರಶ್ನೆಯಲ್ಲಿ ನಾನು ಕಮ್ಯುನಿಸ್ಟರ ಪರವಾಗಿ ಮಾತನಾಡಲಾರೆ, ಆ ಪಕ್ಷದ ಬಗ್ಗೆ ನನಗೆ ಎಷ್ಟೇ ಗೌರವವಿದ್ದರೂ.

ಗೌರವ ಏಕೆ ಎಂದರೆ, ಅದೇ ಪಕ್ಷ ಮುಂದೆ ಯಾರ ಹಂಗಿಗೂ ಒಳಗಾಗದೆ ನಿಂತಿತು. ಆ ಒಪ್ಪಂದದ ಪರವಾಗಿ ಸಂಸತ್ತಿನಲ್ಲಿ ಮತ ಹಾಕಿದ ತನ್ನದೇ ಸಂಸದ ಯೋಶಿಯೊ ಶಿಗಾರನ್ನು 1964ರಲ್ಲಿ ಉಚ್ಚಾಟಿಸಿ ಮಾಸ್ಕೋದ ಕೋಪಕ್ಕೆ ಗುರಿಯಾಯಿತು. ಎರಡೇ ವರ್ಷಗಳಲ್ಲಿ ಪೀಕಿಂಗಿನ ಕೋಪಕ್ಕೂ ಗುರಿಯಾಯಿತು. ಆ ಎರಡನೆಯ ಕಥೆಯನ್ನು ನೀನು ಚೆನ್ನಾಗಿ ತಿಳಿದುಕೊಳ್ಳಬೇಕು.

1965ರಿಂದ ಉತ್ತರ ವಿಯೆಟ್ನಾಮಿನ ಮೇಲೆ ಅಮೆರಿಕದ ಬಾಂಬುಗಳು ಎಡೆಬಿಡದೆ ಬೀಳುತ್ತಿದ್ದವು. ಸೋವಿಯತ್ ಒಕ್ಕೂಟ ಕ್ಷಿಪಣಿಗಳನ್ನು ಕೊಡುತ್ತಿತ್ತು. ಚೀನಾ ರೈಲುಹಳಿ, ರಸ್ತೆ, ವಿಮಾನ-ವಿರೋಧಿ ತೋಪುಗಳ ಕೆಲಸಕ್ಕೆ ಸರದಿಯ ಮೇಲೆ ಒಟ್ಟು 3 ಲಕ್ಷ 20 ಸಾವಿರ ಸೈನಿಕರನ್ನು ಕಳಿಸಿತು. ಎರಡೂ ದೊಡ್ಡ ಪಕ್ಷಗಳು ನೆರವು ಕೊಟ್ಟವು, ಆದರೆ ಒಟ್ಟಿಗೆ ಕೂತು ಕೊಡಲಿಲ್ಲ. ಸೋವಿಯತ್ ಶಸ್ತ್ರಾಸ್ತ್ರದ ಬಹುಪಾಲು ಚೀನಾದ ರೈಲಿನಲ್ಲಿ ಹಾದುಹೋಗಬೇಕಾಗಿತ್ತು, ಆ ಸಾಗಣೆಯ ಮೇಲೂ ಆರೋಪ ಪ್ರತ್ಯಾರೋಪಗಳು ನಡೆದವು. 1966ರ ಫೆಬ್ರವರಿಯಲ್ಲಿ ಜಪಾನ್ ಕಮ್ಯುನಿಸ್ಟ್ ಪಕ್ಷದ ನಾಯಕ ಕೆಂಜಿ ಮಿಯಾಮೊಟೊ ನಿಯೋಗವೊಂದನ್ನು ಕಟ್ಟಿಕೊಂಡು ಚೀನಾ, ವಿಯೆಟ್ನಾಂ, ಉತ್ತರ ಕೊರಿಯಾಗಳಿಗೆ ಹೊರಟರು. ಮಿಕ್ಕ ಜಗಳ ಏನೇ ಇರಲಿ, ವಿಯೆಟ್ನಾಮಿಗೋಸ್ಕರ ಒಂದು ಅಂತರರಾಷ್ಟ್ರೀಯ ಐಕ್ಯರಂಗ ಕಟ್ಟೋಣ ಎಂಬುದೇ ಅವರ ಬೇಡಿಕೆಯಾಗಿತ್ತು. ಪೀಕಿಂಗ್‌ನಲ್ಲಿ ಚೀನಾದ ನಾಯಕರೊಡನೆ ಕೂತು ಜಂಟಿ ಹೇಳಿಕೆಯ ಕರಡನ್ನೂ ಸಿದ್ಧಪಡಿಸಿದರು. ಮಾರ್ಚ್ ಕೊನೆಯಲ್ಲಿ ದಕ್ಷಿಣ ಚೀನಾದಲ್ಲಿ ಮಾವೋ ಅವರನ್ನು ಕಂಡಾಗ, ಅಮೆರಿಕದ ಸಾಮ್ರಾಜ್ಯಶಾಹಿಯ ಜೊತೆಗೆ ಸೋವಿಯತ್ ಪರಿಷ್ಕರಣವಾದವನ್ನೂ, ಅಂದರೆ ಮಾರ್ಕ್ಸ್‌ವಾದವನ್ನು ತಿದ್ದಿ ಕೆಡಿಸಿದ್ದಾರೆಂದು ಚೀನಾ ಹೊರಿಸುತ್ತಿದ್ದ ಆರೋಪವನ್ನೂ, ಹೆಸರು ಹಿಡಿದು ಶತ್ರುವೆಂದು ಸೇರಿಸಬೇಕು ಎಂದು ಮಾವೋ ಪಟ್ಟು ಹಿಡಿದರು. ಮಿಯಾಮೊಟೊ ಒಪ್ಪಲಿಲ್ಲ. ಹೇಳಿಕೆ ಹೊರಬರಲಿಲ್ಲ. ಆ ಎರಡು ಪಕ್ಷಗಳ ನಡುವೆ ಮುರಿದ ಸಂಬಂಧ ಕೂಡಿಕೊಂಡದ್ದು 1998ರಲ್ಲಿ, 32 ವರ್ಷಗಳ ಮೇಲೆ.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡು. ಹಿರೋಶಿಮಾದಲ್ಲಿ, ನಮ್ಮವರ ತಪ್ಪಿನ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ನಿಮ್ಮ ಜೊತೆ ಇರುತ್ತೇವೆ ಎಂಬ ಷರತ್ತು ಚಳವಳಿಯನ್ನು ಒಡೆಯಿತು. ಚೀನಾದಲ್ಲಿ, ನಮ್ಮ ಎದುರಾಳಿಯನ್ನು ನೀವೂ ಖಂಡಿಸಿದರೆ ಮಾತ್ರ ಜೊತೆ ಇರುತ್ತೇವೆ ಎಂಬ ಷರತ್ತು ಐಕ್ಯರಂಗ ಹುಟ್ಟುವ ಮೊದಲೇ ಅದನ್ನು ಕೊಂದಿತು. ನಿಮ್ಮ ಸಮಿತಿಯಲ್ಲಿ ಈಗ ಎರಡೂ ಷರತ್ತುಗಳು ಒಂದೇ ಮೇಜಿನ ಮೇಲಿವೆ.

ಬ್ರಸೆಲ್ಸ್‌ನಲ್ಲೇ ಇದ್ದೀಯಾದ್ದರಿಂದ ಬಿಡುವಾದಾಗ ಎಗ್ಮಾಂಟ್ ಅರಮನೆಯ ಮುಂದೆ ಹಾದು ಬಾ. 1927ರ ಫೆಬ್ರವರಿಯಲ್ಲಿ ಸಾಮ್ರಾಜ್ಯಶಾಹಿ-ವಿರೋಧಿ ಸಂಘ ಸ್ಥಾಪನೆಯಾದದ್ದು ಅಲ್ಲಿ. ನಮ್ಮ ಕಾಂಗ್ರೆಸ್ಸಿನ ಪರವಾಗಿ ಜವಾಹರಲಾಲ್ ನೆಹರೂ, ಇಂಡೋನೇಷ್ಯಾದ ಪರವಾಗಿ ರಾಷ್ಟ್ರೀಯವಾದಿ ಮೊಹಮ್ಮದ್ ಹತ್ತಾ ಬಂದಿದ್ದರು, ಕಮ್ಯುನಿಸ್ಟರು, ಸಮಾಜವಾದಿಗಳು, ವಸಾಹತುಗಳ ರಾಷ್ಟ್ರೀಯವಾದಿಗಳು ಒಂದೇ ಸಭಾಂಗಣದಲ್ಲಿ ಕೂತಿದ್ದರು. ಚೀನಾದ ರಾಷ್ಟ್ರೀಯವಾದಿ ಪಕ್ಷವಾದ ಕ್ವಾಮಿಂಟಾಂಗ್‌ನವರೂ ಇದ್ದರು, ಎರಡೇ ತಿಂಗಳಲ್ಲಿ ಅದೇ ಪಕ್ಷದ ಚಿಯಾಂಗ್ ಕೈ-ಷೇಕ್ ಶಾಂಘಾಯಿಯಲ್ಲಿ ಕಮ್ಯುನಿಸ್ಟರ ಮಾರಣಹೋಮ ನಡೆಸಿದ. ಆ ಪೆಟ್ಟು ತಿಂದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್, ಅಂದರೆ ಮಾಸ್ಕೋದಿಂದ ನಡೆಯುತ್ತಿದ್ದ ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟ, 1928ರ ಆರನೆಯ ಮಹಾಧಿವೇಶನದಲ್ಲಿ ಇನ್ನೊಂದು ತುದಿಗೆ ಜಾರಿ, ಸಮಾಜವಾದಿಗಳನ್ನೂ ಸುಧಾರಣಾವಾದಿ ರಾಷ್ಟ್ರೀಯವಾದಿಗಳನ್ನೂ ಶತ್ರುಗಳೆಂದೇ ಎಣಿಸಿತು. 1930ರ ಹೊತ್ತಿಗೆ ನೆಹರೂ ಆ ಸಂಘದಿಂದ ಹೊರಗಾಗಿದ್ದರು. ಮಾಸ್ಕೋದಲ್ಲಿ ಬರೆದ ಸಾಲು ಬ್ರಿಟಿಷರ ಸೆರೆಮನೆಗಳಿಗೆ ಹೋಗುತ್ತಿದ್ದ ಜನರನ್ನು ಹೀಗೆ ದೂರ ಮಾಡಿತು. ಆದರೂ ಶಾಂಘಾಯಿಯನ್ನು ಮರೆಯಬೇಡ. ಮಿತ್ರನೊಡನೆ ಕೂಡುವಾಗ ನಿನ್ನ ಸಂಘಟನೆಯನ್ನೂ ನಿನ್ನ ನಾಲಿಗೆಯನ್ನೂ ಅವನ ಕೈಗೆ ಒಪ್ಪಿಸಬಾರದೆಂಬುದಕ್ಕೆ ಅಲ್ಲಿ ಸತ್ತವರು ಸಾಕ್ಷಿ.

ವಿಯೆಟ್ನಾಮಿನವರ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಒಡಕಿನ ಭಾರ ಹೊತ್ತವರು ಅವರು. ಅವರ ನಾಯಕ ಹೋ ಚಿ ಮಿನ್ ತಮ್ಮ ಉಯಿಲಿನಲ್ಲಿ, ಅಂತರರಾಷ್ಟ್ರೀಯ ಚಳವಳಿ ಬೆಳೆದದ್ದನ್ನು ಕಂಡು ಎಷ್ಟು ಹೆಮ್ಮೆಪಟ್ಟೆನೋ ಸೋದರ ಪಕ್ಷಗಳ ನಡುವಿನ ಒಡಕನ್ನು ಕಂಡು ಅಷ್ಟೇ ನೊಂದೆ ಎಂಬ ಅರ್ಥದ ಮಾತು ಬರೆದರು. ಐಕ್ಯವನ್ನು ಮತ್ತೆ ಕಟ್ಟುವುದು ನ್ಯಾಯಕ್ಕೂ ಮಮತೆಗೂ ಒಪ್ಪುವಂತಿರಬೇಕು ಎಂದರು. ಬರೀ ನ್ಯಾಯ ಎನ್ನದೆ ಮಮತೆಯನ್ನೂ ಸೇರಿಸಿದ್ದು ನನ್ನನ್ನು ಇಂದಿಗೂ ತಟ್ಟುತ್ತದೆ. 1969ರ ಸೆಪ್ಟೆಂಬರ್ 2ರಂದು ಅವರು ತೀರಿಕೊಂಡಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಮೊದಲೇ ಬಂದು ಗೌರವ ಸಲ್ಲಿಸಿ, ಅಂತ್ಯಸಂಸ್ಕಾರಕ್ಕೆ ನಿಲ್ಲದೆ ಮರಳಿದರು. ಸೋವಿಯತ್ ಪ್ರಧಾನಿ ಕೊಸಿಗಿನ್ ಅಂತ್ಯಸಂಸ್ಕಾರಕ್ಕೆ ಬಂದರು. ಆ ವರ್ಷದ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ದ್ವೀಪವೊಂದಕ್ಕಾಗಿ ಎರಡೂ ದೇಶಗಳ ಸೈನಿಕರು ಒಬ್ಬರನ್ನೊಬ್ಬರು ಕೊಂದಿದ್ದರು. ಕೊನೆಗೆ ಕೊಸಿಗಿನ್ ಮಧ್ಯ ಏಷ್ಯಾದವರೆಗೂ ಹೋಗಿದ್ದವರು ಹಿಂದಿರುಗಿ ಬಂದು ಸೆಪ್ಟೆಂಬರ್ 11ರಂದು ಪೀಕಿಂಗ್ ವಿಮಾನ ನಿಲ್ದಾಣದಲ್ಲಿ ಚೌ ಅವರೊಡನೆ ಕೆಲವು ಗಂಟೆ ಮಾತನಾಡಿದರು. ಗಡಿಯ ಬಿಸಿ ಸ್ವಲ್ಪ ಇಳಿಯಿತು, ಒಡಕು ಹೋಗಲಿಲ್ಲ. ಹತ್ತು ವರ್ಷ ಕಳೆಯುವ ಮೊದಲೇ, 1979ರ ಫೆಬ್ರವರಿ 17ರಂದು, ಚೀನಾದ ಸೇನೆ ಅದೇ ವಿಯೆಟ್ನಾಮಿನ ಗಡಿ ದಾಟಿತು. ಆ ಸುದ್ದಿ ಓದಿದ ದಿನ ತಂದೆ ಊಟ ಮಾಡಲಿಲ್ಲ.

ಈಗ ನಿನ್ನ ಸಮಿತಿಗೆ ಬರುತ್ತೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ನ್ಯಾಟೋ 1949ರಲ್ಲಿ 12 ದೇಶಗಳದ್ದಾಗಿದ್ದದ್ದು ಇಂದು 32ಕ್ಕೆ ಬೆಳೆದು ರಷ್ಯಾದ ಬಾಗಿಲಿಗೆ ಬಂದದ್ದು ನಿಜ, ಆದರೂ ನೆರೆಯ ದೇಶಕ್ಕೆ ಸೇನೆ ನುಗ್ಗಿಸಿದ ಬಂಡವಾಳಶಾಹಿ ಸರ್ಕಾರವನ್ನು ಸಾಮ್ರಾಜ್ಯಶಾಹಿ-ವಿರೋಧಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಇದನ್ನು ನೀನು ನಿನ್ನ ಗುಂಪಿನ ಸಭೆಯಲ್ಲಿ, ನಿನ್ನ ಗುಂಪಿನ ಕರಪತ್ರದಲ್ಲಿ ಧೈರ್ಯವಾಗಿ ಹೇಳು, ಆ ಹಕ್ಕನ್ನು ಯಾರಿಗೂ ಬಿಟ್ಟುಕೊಡಬೇಡ. ಆದರೆ ಸಮಿತಿಯ ಬ್ಯಾನರ್ ಮೇಲೆ ಇದನ್ನು ಬರೆಯಿರಿ ಎಂದು ಒತ್ತಾಯಿಸಬೇಡ, ಎದುರಿನವರು ತಮ್ಮದನ್ನು ಬರೆಯಲೂ ಬಿಡಬೇಡ. ಆ ಸಮಿತಿ ಹುಟ್ಟಿದ್ದು ಗಾಜಾದ ಮೇಲೆ ಬಾಂಬು ಬೀಳುವುದು ನಿಲ್ಲಬೇಕು, ಯುರೋಪಿನಿಂದ ಇಸ್ರೇಲಿಗೆ ಶಸ್ತ್ರಾಸ್ತ್ರ ಹೋಗಬಾರದು ಎಂಬ ಬೇಡಿಕೆಗಳಿಗಾಗಿ. ನಿರ್ಣಯದಲ್ಲಿ ಅಷ್ಟನ್ನೇ ಬರೆಯಿರಿ, ಕೊನೆಯಲ್ಲಿ, ಬೇರೆ ಯುದ್ಧಗಳ ಬಗ್ಗೆ ಸದಸ್ಯ ಗುಂಪುಗಳಿಗೆ ಅವರವರ ನಿಲುವು ಪ್ರಕಟಿಸುವ ಸ್ವಾತಂತ್ರ್ಯವಿದೆ ಎಂಬ ಒಂದು ವಾಕ್ಯ ಸೇರಿಸಿ. ಯಾರಾದರೂ ಆ ವಾಕ್ಯವನ್ನೂ ಒಪ್ಪದೆ ಎದ್ದು ಹೋದರೆ ಹೋಗಲಿ. ನೀನು ಮೊದಲು ಏಳಬೇಡ. ಎದ್ದು ಹೋದವರನ್ನು ದ್ರೋಹಿಗಳೆಂದು ಕರೆಯಲೂ ಬೇಡ, ಅವರಲ್ಲಿ ಅರ್ಧ ಜನ ಮುಂದಿನ ಮೆರವಣಿಗೆಗೆ ಬರುತ್ತಾರೆ.

ನಿರ್ಣಯದ ಕರಡು ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳಿಸು. ನನಗೆ ಫ್ರೆಂಚ್ ಬಾರದು, ನೀನೇ ಕನ್ನಡಕ್ಕೆ ಇಳಿಸಿ, ದಪ್ಪ ಅಕ್ಷರಗಳಲ್ಲಿ ಬರೆದು ಕಳಿಸು. ಸಭೆಯ ಹಿಂದಿನ ದಿನವೇ ಓದಿ ಹೇಳುತ್ತೇನೆ.

ನಿನ್ನ
ದೊಡ್ಡಜ್ಜಿ